ಬರಾಕಾ, ಬರಕತ್ತು

ಫಾದರ್, ಸಿಸ್ಟರ್‌ಗಳೇ, ಊರಿನ ಹಿರಿಯರೇ, ಹಿಂದಿನ ಸಾಲಿನಲ್ಲಿ ಒದ್ದೆ ಕೊಡೆ ಹಿಡಿದು ಕೂತಿರುವ ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಆರು ವರ್ಷ ಆಫ್ರಿಕಾದಲ್ಲಿ ಸೇವೆ ಮಾಡಿ ಬಂದಿದ್ದೀರಿ, ಅದರ ಬಗ್ಗೆ ಮಾತಾಡಿ ಎಂದು ಕರೆದಿದ್ದಾರೆ. ಆರೂ ವರ್ಷದ ಕಥೆ ಹೇಳುವುದಿಲ್ಲ. ಕೊನೆಯ ಮೂರು ತಿಂಗಳದ್ದು ಮಾತ್ರ ಹೇಳುತ್ತೇನೆ. ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿರುವುದು ಅದೇ.

ನಾನಿದ್ದದ್ದು ತಾಂಜಾನಿಯಾದ ಕಾಗೇರಾ ಪ್ರಾಂತ್ಯದಲ್ಲಿ, ಬುಕೋಬಾ ಪಟ್ಟಣದಿಂದ ಒಳಗಿರುವ ಒಂದು ಹಳ್ಳಿಯಲ್ಲಿ. ವಿಕ್ಟೋರಿಯಾ ಸರೋವರದ ಪಶ್ಚಿಮ ದಡದ ಸೀಮೆ ಅದು. ಆಫ್ರಿಕಾ ಅಂದರೆ ಬಿಸಿಲು, ಧೂಳು ಅಂದುಕೊಂಡು ಹೋದವಳು ನಾನು. ಹೋಗಿ ನೋಡಿದರೆ ನಮ್ಮ ತೀರ್ಥಹಳ್ಳಿ, ಕೊಪ್ಪದ ಹಾಗೇ ಇದೆ! ಕೆಂಪು ಮಣ್ಣು, ಗುಡ್ಡ, ಜೋರು ಮಳೆ. ಮನೆ ಸುತ್ತ ಬಾಳೆ, ಬಾಳೆಯ ನೆರಳಲ್ಲಿ ರೋಬಸ್ಟಾ ಕಾಫಿ. ಅಲ್ಲಿನ ಹಾಯಾ ಜನಕ್ಕೆ ಬಾಳೆಕಾಯಿಯೇ ಅನ್ನ. ಸಿಪ್ಪೆ ತೆಗೆದು ಬೀನ್ಸ್ ಕಾಳಿನ ಜೊತೆ ಬೇಯಿಸುತ್ತಾರೆ. 1960ರಲ್ಲಿ ಕಾರ್ಡಿನಲ್, ಅಂದರೆ ಕ್ಯಾಥೊಲಿಕ್ ಸಭೆಯಲ್ಲಿ ಪೋಪ್ ಅವರ ನಂತರದ ಪದವಿಗೆ ಏರಿದ ಲಾರಿಯನ್ ರುಗಾಂಬ್ವಾ ಅದೇ ಸೀಮೆಯವರು. ಈ ಕಾಲದಲ್ಲಿ ಆ ಪದವಿಗೆ ಏರಿದ ಮೊದಲ ಕರಿಯ ಆಫ್ರಿಕನ್ನರು ಅವರು. ಅಂಥ ಜಾಗದಲ್ಲಿ ಜನಕ್ಕೆ ದೇವರನ್ನು ತೋರಿಸೋಕೆ ಕೊಪ್ಪದ ಹುಡುಗಿ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ನರ್ಸ್. ಮಲೇರಿಯಾ ಜ್ವರ, ಹೆರಿಗೆ, ಮಕ್ಕಳ ಚುಚ್ಚುಮದ್ದು, ನನ್ನ ದಿನ ಹೋಗುತ್ತಿದ್ದದ್ದು ಇದರಲ್ಲೇ.

ಮೇ ತಿಂಗಳಲ್ಲಿ ನಮ್ಮ ಪ್ರೊವಿನ್ಶಿಯಲ್, ಅಂದರೆ ನಮ್ಮ ಮೇಲಿನ ಮುಖ್ಯ ಸಿಸ್ಟರ್ ಪತ್ರ ಬಂತು. ಆಗಸ್ಟ್‌ನಲ್ಲಿ ಊರಿಗೆ ವಾಪಸ್. ಓದಿದ ತಕ್ಷಣ ನನ್ನ ಕಣ್ಣು ಹೋದದ್ದು ಕಿಟಕಿಯ ಆಚೆ ನಿಂತಿದ್ದ ಅರ್ಧ ಕಟ್ಟಡದ ಮೇಲೆ. ಹೆರಿಗೆ ಕೋಣೆ ಅದು. ನೆಲಕ್ಕೆ ಸಿಮೆಂಟ್ ಆಗಿತ್ತು, ಗೋಡೆ ಲಿಂಟಲ್ ಮಟ್ಟಕ್ಕೆ ಬಂದಿತ್ತು. ಹಣ ಕೊಡುತ್ತೇವೆ ಅಂದಿದ್ದವರು ಅಲ್ಲಿಗೆ ಕೈಬಿಟ್ಟರು. ಎರಡು ವರ್ಷ ಓಡಾಡಿ, ಪತ್ರ ಬರೆದು, ಬೇಡಿ ಸಾಕಾಗಿತ್ತು. ಆರು ವರ್ಷಕ್ಕೆ ನಾನು ಬಿಟ್ಟು ಹೋಗುವುದು ಸೂರಿಲ್ಲದ ನಾಲ್ಕು ಗೋಡೆ ಅಂತ ರಾತ್ರಿ ಅಳು ಬರುತ್ತಿತ್ತು.

ನಮ್ಮಲ್ಲಿ ಮಲಗುವ ಮುಂಚೆ ಆತ್ಮಪರಿಶೋಧನೆ ಮಾಡುವ ರೂಢಿ ಇದೆ. ಇಲ್ಲಿ ಕೂತಿರುವ ಎಷ್ಟೋ ಜನಕ್ಕೆ ಗೊತ್ತು. ಸಂತ ಇಗ್ನೇಷಿಯಸ್ ಬರೆದಿಟ್ಟ ಕ್ರಮದಲ್ಲಿ ಮೊದಲ ಹೆಜ್ಜೆ ಪಾಪ ಹುಡುಕುವುದಲ್ಲ. ಆ ದಿನ ಸಿಕ್ಕಿದ್ದಕ್ಕೆ ದೇವರಿಗೆ ಥ್ಯಾಂಕ್ಸ್ ಹೇಳುವುದು. ತಪ್ಪಿನ ಲೆಕ್ಕ ಆಮೇಲೆ. ನಾನು ಇಪ್ಪತ್ತು ವರ್ಷ ಆ ಮೊದಲ ಹೆಜ್ಜೆಯನ್ನು ಒಂದೇ ವಾಕ್ಯದಲ್ಲಿ ಮುಗಿಸಿ, ನೇರ ತಪ್ಪಿನ ಲೆಕ್ಕಕ್ಕೆ ಹೋಗುತ್ತಿದ್ದೆ. ಜೂನ್ ತಿಂಗಳ ಒಂದು ರಾತ್ರಿ ಎಷ್ಟು ಸುಸ್ತಾಗಿತ್ತೆಂದರೆ ತಪ್ಪು ಎಣಿಸೋಕೂ ಶಕ್ತಿ ಇರಲಿಲ್ಲ. ಮೊದಲ ಹೆಜ್ಜೆಯಲ್ಲೇ ನಿಂತುಬಿಟ್ಟೆ. ಇವತ್ತು ಏನು ಸಿಕ್ಕಿತು? ಮಧ್ಯಾಹ್ನ ಒಂದು ಮಗುವಿನ ಜ್ವರ ಇಳಿದಿತ್ತು. ಅದರ ಹಣೆ ಬೆವರಿ ನನ್ನ ಅಂಗೈ ಒದ್ದೆಯಾಗಿತ್ತು. ಅಷ್ಟೇ. ಅವತ್ತು ಚೆನ್ನಾಗಿ ನಿದ್ದೆ ಬಂತು.

ಅಲ್ಲಿ ಸ್ವಾಹಿಲಿಯಲ್ಲಿ ಆಶೀರ್ವಾದಕ್ಕೆ 'ಬರಾಕಾ' ಅನ್ನುತ್ತಾರೆ. ಆರು ವರ್ಷ ದಿನಾ ಕೇಳಿದ ಮಾತು. ಅದು ನಮ್ಮ 'ಬರಕತ್ತು' ಅಂತ ಹೊಳೆದದ್ದು ಆ ತಿಂಗಳಲ್ಲಿ. ಎರಡೂ ಅರಬ್ಬಿಯ ಒಂದೇ ಬೇರಿನಿಂದ ಬಂದವು. ಒಂದು ಸಮುದ್ರ ದಾಟಿ ಆಫ್ರಿಕಾಕ್ಕೆ ಹೋಯಿತು, ಇನ್ನೊಂದು ನಮ್ಮ ಸಂತೆಗೆ ಬಂತು. ನಮ್ಮ ಅಜ್ಜಿ ಹೇಳುತ್ತಿದ್ದರು, 'ಕೈತುಂಬ ದುಡ್ಡು ಬಂದರೂ ಬರಕತ್ತಿಲ್ಲ ಮಗಾ' ಅಂತ. ಬರಕತ್ತು ಅಂದರೆ ಜಾಸ್ತಿ ಇರುವುದಲ್ಲ, ಅಲ್ವಾ? ಪಾತ್ರೆಯ ತಳದಲ್ಲಿ ಇದ್ದಷ್ಟರಲ್ಲೇ ಬಂದವರಿಗೆಲ್ಲ ಸಾಕಾಗುತ್ತದಲ್ಲ, ಅದು. ನಾನು ಆರು ವರ್ಷ ಆಶೀರ್ವಾದ ಅಂದರೆ ಕಟ್ಟಡ ಅಂದುಕೊಂಡಿದ್ದೆ.

ಇನ್ನೊಂದು ಮಾತು ಅಲ್ಲಿನವರದ್ದು: 'ಹಾಬಾ ನಾ ಹಾಬಾ ಹುಜಾಜಾ ಕಿಬಾಬಾ.' ಚೂರು ಚೂರೇ ಕೂಡಿ ಕಿಬಾಬಾ ತುಂಬುತ್ತದೆ ಅಂತ. ಕಿಬಾಬಾ ಅಂದರೆ ಕಾಳು ಅಳೆಯುವ ಮಾಪು. ನಮ್ಮಲ್ಲಿ ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ. ಬಳ್ಳವೂ ಕಾಳು ಅಳೆಯುವುದೇ! ಇದನ್ನು ಹೇಳಿದಾಗ ಡಿಸ್ಪೆನ್ಸರಿಯಲ್ಲಿ ಕೂತಿದ್ದ ಹೆಂಗಸರು ಚಪ್ಪಾಳೆ ತಟ್ಟಿ ನಕ್ಕರು.

ಇಂಥ ಮಾತುಗಳನ್ನು ಹೆಕ್ಕುವಾಗೆಲ್ಲ ನನಗೆ ಕಿಟ್ಟೆಲ್ ನೆನಪಾಗುತ್ತಿದ್ದರು. 1853ರಲ್ಲಿ ಜರ್ಮನಿಯಿಂದ ಅವರು ಬಂದದ್ದು ಧರ್ಮ ಸಾರೋಕೆ. 1894ರಲ್ಲಿ ಅವರ ನಿಘಂಟು ಅಚ್ಚಾಯಿತು, ಸುಮಾರು 70,000 ಪದ. ಕೊಡೋಕೆ ಬಂದವರು ನಮ್ಮ ಜನರ ಹತ್ತಿರ ಒಂದೊಂದೇ ಪದ ಕೇಳಿ ಇಸ್ಕೊಂಡರು. ಹಾಗೆ ಇಸ್ಕೊಂಡಿದ್ದೇ ಇವತ್ತಿಗೂ ನಮಗೆ ಉಪಯೋಗಕ್ಕೆ ಬರುತ್ತಿದೆ.

ಜುಲೈ ಹೊತ್ತಿಗೆ ಅಲ್ಲಿ ಕಾಫಿ ಕೊಯ್ಲು. ಒಂದು ಬೆಳಿಗ್ಗೆ ಎದ್ದರೆ ಗಾಳಿಯಲ್ಲಿ ಸಿಹಿಹುಳಿ ವಾಸನೆ. ನಮ್ಮ ಅಪ್ಪ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆ ವಾಸನೆ ನನಗೆ ಹುಟ್ಟಿದಾಗಿನಿಂದ ಗೊತ್ತು. ಹೊರಗೆ ಹೋಗಿ ನೋಡಿದರೆ ನನ್ನ ಹೆರಿಗೆ ಕೋಣೆಯ ನೆಲದ ತುಂಬ ಕಾಫಿ ಹಣ್ಣು ಹರಡಿದೆ! ಸೂರಿಲ್ಲ, ಬಿಸಿಲು ಚೆನ್ನಾಗಿ ಬೀಳುತ್ತದೆ. ನೆಲ ಸಿಮೆಂಟಿನದು, ಮಣ್ಣು ಹತ್ತುವುದಿಲ್ಲ. ಸುತ್ತ ಗೋಡೆ, ಆಡು ನುಗ್ಗುವುದಿಲ್ಲ. ಕಾಫಿ ಕಣಕ್ಕೆ ಇನ್ನೇನು ಬೇಕು? ಮೂರು ಮನೆಯವರು ಪಾಳಿ ಹಾಕಿಕೊಂಡಿದ್ದರು. ನಾನು ಬೈಯುತ್ತೇನೆ ಅಂತ ಹೆದರಿ ನಿಂತಿದ್ದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಚಿಕ್ಕವಳಿದ್ದಾಗ ಮಾಡುತ್ತಿದ್ದ ಹಾಗೆ ಪಾದದಲ್ಲಿ ಗೆರೆ ಎಳೆಯುತ್ತಾ ಹಣ್ಣು ತಿರುವಿದೆ. ಬೆಚ್ಚಗಿತ್ತು. ಆ ಕೋಣೆ ನೋಡಿ ಹೊಟ್ಟೆ ಉರಿಯುವುದು ಅವತ್ತಿಗೆ ನಿಂತಿತು. ಕೋಣೆ ಇನ್ನೂ ಹಾಗೇ ಇದೆ. ಅದಕ್ಕೆ ಸೂರು ಆಗಲಿ ಅಂತ ಈಗಲೂ ದಿನಾ ಪ್ರಾರ್ಥಿಸುತ್ತೇನೆ.

ಹೊರಡುವ ವಾರ ಒಬ್ಬ ಅಜ್ಜಿ ಬಂದರು. ಬಿಪಿ ಮಾತ್ರೆಗೆ ತಿಂಗಳಿಗೊಮ್ಮೆ ಬರುವವರು, ಮಾತು ಕಡಿಮೆ. ಅವತ್ತು ಕ್ಲಿನಿಕ್ ದಿನವಲ್ಲ. ಒಣಗಿದ ಬಾಳೆಯೆಲೆಯ ಪುಟ್ಟ ಪೊಟ್ಟಣ, ಬಾಳೆನಾರಿನಲ್ಲಿ ಬಿಗಿದದ್ದು, ಸೆರಗಿನಿಂದ ತೆಗೆದರು. ಒಳಗೆ ಕಾಫಿ ಕಾಯಿ. ಹಾಯಾ ಜನ ಇನ್ನೂ ಹಣ್ಣಾಗದ ಕಾಯಿಯನ್ನು ಸೊಪ್ಪಿನ ಜೊತೆ ಬೇಯಿಸಿ, ಒಣಗಿಸಿ, ಸುಮ್ನೆ ಅಗಿಯುತ್ತಾರೆ. ನಾವು ಮನೆಗೆ ಬಂದವರ ಮುಂದೆ ಎಲೆ ಅಡಿಕೆ ತಟ್ಟೆ ಇಡುವ ಹಾಗೆ ಅವರು ಇದನ್ನು ಕೊಡುತ್ತಾರೆ. ಹಿಂದಿನ ಕಾಲದಲ್ಲಿ ಇಬ್ಬರು ಗೆಳೆಯರು ಅಣ್ಣತಮ್ಮಂದಿರಾಗುವ ಶಪಥಕ್ಕೂ ಕಾಫಿ ಬೀಜವೇ ಬೇಕಿತ್ತು. ಅಜ್ಜಿ ನನ್ನ ಅಂಗೈಗೆ ಒಂದು ಕಾಯಿ ಹಾಕಿದರು, ತಾವೂ ಒಂದು ಬಾಯಿಗಿಟ್ಟುಕೊಂಡರು. 'ಕೋಣೆ ಮುಗಿಸೋಕೆ ಆಗಲಿಲ್ಲ ಬಿಬಿ' ಅಂದೆ. ಬಿಬಿ ಅಂದರೆ ಅಲ್ಲಿ ಅಜ್ಜಿ. 'ಪೋಲೆ, ಸಿಸ್ಟಾ' ಅಂದರು. ನೋವಿನಲ್ಲಿರುವವರಿಗೆ, ದಣಿದವರಿಗೆ ಹೇಳುವ ಮಾತು ಅದು. ಆರು ವರ್ಷ ರೋಗಿಗಳಿಗೆ ನಾನು ಹೇಳಿದ್ದ ಮಾತು.

ಆಗಸ್ಟ್ ಮಳೆಯಲ್ಲಿ ಊರಿಗೆ ಬಂದೆ. ಅಮ್ಮನ ಕೈಗೆ ಆ ಪೊಟ್ಟಣ ಕೊಟ್ಟೆ. ಒಂದನ್ನು ಬಾಯಿಗೆ ಹಾಕಿಕೊಂಡು ತುಂಬ ಹೊತ್ತು ಅಗಿದರು. ಇದು ಕಾಫಿಯೇ, ಆದರೆ ಯಾರೋ ಪ್ರೀತಿಯಿಂದ ಬೇಯಿಸಿದ್ದಾರೆ ಅಂದರು. ಉಳಿದದ್ದನ್ನು ಎಣಿಸಿದರು. ಹನ್ನೊಂದು ಇದ್ದವು. ಎಲೆ ಅಡಿಕೆ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಂಡರು. ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಒಂದು ತೆಗೆಯುತ್ತಾರೆ. ಇನ್ನೂ ನಾಲ್ಕು ಇವೆ.