ಮನೆಯ ರೆಕಾರ್ಡಿಂಗ್‌ಗೆ ಯಾವ ಸೌಂಡ್ ಕಾರ್ಡ್?

ಕೇಳುಗರಿಗೆ ನಮಸ್ಕಾರ. ಮನೆಯಲ್ಲೇ ಹಾಡು ರೆಕಾರ್ಡ್ ಮಾಡಲು ಹೊರಟವರು ನನ್ನನ್ನು ಮೊದಲು ಕೇಳುವುದು ಇದು: "ಸರ್, 192 ಕಿಲೋಹರ್ಟ್ಸ್‌ನ ಕಾರ್ಡ್ ತಗೊಳ್ಳಲಾ?" ಕಿಲೋಹರ್ಟ್ಸ್ ಅಂದರೆ ಕಾರ್ಡ್ ಸದ್ದನ್ನು ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆಯುತ್ತದೆ ಅನ್ನುವ ಲೆಕ್ಕ, ಬಿಟ್ ಅಂದರೆ ಒಂದೊಂದು ಅಳತೆ ಎಷ್ಟು ಸೂಕ್ಷ್ಮ ಅನ್ನುವುದು. ದೊಡ್ಡ ಸಂಖ್ಯೆಯ ಹಿಂದೆ ಹೋಗಬೇಡಿ. 24 ಬಿಟ್, 44.1 ಅಥವಾ 48 ಕಿಲೋಹರ್ಟ್ಸ್ ಸಾಕು. ನೀವು ಕೇಳಬೇಕಾದ್ದು ಒಂದೇ. ಇದರ ಡ್ರೈವರ್ ಹೇಗಿದೆ?

ಡ್ರೈವರ್ ಅಂದರೆ ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ಸದ್ದನ್ನು ದಾಟಿಸುವ ಸಾಫ್ಟ್‌ವೇರ್. ಅದು ಕೈಕೊಟ್ಟರೆ ಏನಾಗುತ್ತದೆ ಕೇಳಿ.

ನಮ್ಮ ಬೀದಿಯಲ್ಲಿ ಒಬ್ಬ ಹುಡುಗ ತಬಲಾ ಬಾರಿಸುತ್ತಾನೆ. ಒಳ್ಳೆಯ ಕೈ. ಎಂಟು ಮೈಕ್ ಹಾಕಬಹುದಾದ ಹಳೆಯ ಕಾರ್ಡ್ ಒಂದನ್ನು ಸೆಕೆಂಡ್ ಹ್ಯಾಂಡ್ ತಂದಿದ್ದ. ತಬಲಾ, ಡಗ್ಗ ಎರಡಕ್ಕೂ ಸೇರಿ ಎರಡು ಮೈಕ್ ಸಾಕು, ಅಲ್ವಾ? ಇರಲಿ. ಹೆಡ್‌ಫೋನ್ ಹಾಕಿಕೊಂಡು, ಲೆಹರಾ, ಅಂದರೆ ತಾಳ ಹಿಡಿಯಲು ಮತ್ತೆ ಮತ್ತೆ ನುಡಿಸುವ ರಾಗದ ತುಣುಕು, ಕೇಳುತ್ತಾ ತೀನ್‌ತಾಲ ಶುರು ಮಾಡಿದ. ನಿಧಾನದ ವಿಲಂಬಿತ ಹೇಗೋ ನಡೆಯಿತು. ವೇಗದ ದ್ರುತಕ್ಕೆ ಬಂದ ಕೂಡಲೇ ಲಯ ತಪ್ಪಿತು. ಮತ್ತೆ ಬಾರಿಸಿದ, ಮತ್ತೆ ತಪ್ಪಿತು. "ನನ್ನ ರಿಯಾಜ್ ಸಾಲದು ಅಂಕಲ್" ಅಂದ. ಕಣ್ಣಲ್ಲಿ ನೀರು. ನನಗೆ ತಡೆಯಲಾಗಲಿಲ್ಲ. ಹೆಡ್‌ಫೋನ್ ನಾನು ಹಾಕಿಕೊಂಡು ಒಂದು ಧಾ ಬಾರಿಸಿದೆ. ಎರಡು ಧಾ ಕೇಳಿಸಿತು! ಒಂದು ಕೈಯದು, ಇನ್ನೊಂದು ಕಂಪ್ಯೂಟರ್ ಸುತ್ತಿ ತಡವಾಗಿ ಬಂದದ್ದು.

ಆ ಕಾರ್ಡಿಗೆ ಹೊಸ ಡ್ರೈವರ್ ಬರುವುದು ನಿಂತು ವರ್ಷಗಳಾಗಿದ್ದವು. ಬಫರ್ ಅಂದರೆ ಸದ್ದಿನ ಅಳತೆಗಳನ್ನು ಒಂದಿಷ್ಟು ಕೂಡಿಟ್ಟು ದಾಟಿಸುವ ಜಾಗ, ಸ್ಯಾಂಪಲ್ ಅಂದರೆ ಅಂಥ ಒಂದು ಅಳತೆ. ಆ ಬಫರನ್ನು 1024 ಸ್ಯಾಂಪಲ್‌ಗಿಂತ ಇಳಿಸಿದರೆ ಚಟಪಟ ಸದ್ದು. 1024 ಅಂದರೆ 44.1 ಕಿಲೋಹರ್ಟ್ಸ್‌ನಲ್ಲಿ ಸುಮಾರು 23 ಮಿಲಿಸೆಕೆಂಡ್ ತಡ. ಒಳಗೆ ಹೋಗಲು ಅಷ್ಟು, ಹೊರಗೆ ಬರಲು ಅಷ್ಟು, ಒಟ್ಟು 46. ಅಷ್ಟರಲ್ಲಿ ಗಾಳಿಯಲ್ಲಿ ಸದ್ದು ಹೆಚ್ಚುಕಡಿಮೆ 16 ಮೀಟರ್ ಹೋಗುತ್ತದೆ. ಪಾಪ, ಆ ಹುಡುಗ ಇಲ್ಲಿ ಬಾರಿಸಿ, ರಸ್ತೆಯ ಆಚೆ ಬದಿಯಿಂದ ಬಂದ ಹಾಗೆ ತನ್ನ ತಬಲಾ ಕೇಳುತ್ತಿದ್ದ!

ನನ್ನ ಚಿಕ್ಕ ಯುಎಸ್‌ಬಿ ಕಾರ್ಡ್ ತಂದು ಜೋಡಿಸಿದೆ. ಎರಡೇ ಇನ್‌ಪುಟ್. ಆದರೆ ಅದಕ್ಕೆ ಸ್ವಂತ ಎಎಸ್‌ಐಒ ಡ್ರೈವರ್ ಇತ್ತು. ಈ ಎಎಸ್‌ಐಒ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದದ್ದು. ವಿಂಡೋಸ್‌ನ ಸುತ್ತುದಾರಿ ಬಿಟ್ಟು ಸದ್ದನ್ನು ನೇರವಾಗಿ ದಾಟಿಸುತ್ತದೆ. ಬಫರ್ 128ಕ್ಕೆ ಇಳಿಸಿದೆ. ಹೋಗಿಬರಲು ಬಫರಿನ ತಡ 6 ಮಿಲಿಸೆಕೆಂಡ್ ಅಷ್ಟೇ. ಹುಡುಗ ಅದೇ ದ್ರುತ ಬಾರಿಸಿದ. ಮೂರು ಸಲ ಬಾರಿಸಿ ಮುಗಿಸುವ ತಿಹಾಯಿ, ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ಸರಿಯಾಗಿ ಕೂತಿತು. ಆ ಮುಖ ನೀವು ನೋಡಬೇಕಿತ್ತು!

ಆದ್ದರಿಂದ ಕೊಳ್ಳುವ ಮುಂಚೆ ಕಂಪನಿಯ ವೆಬ್‌ಸೈಟ್ ತೆರೆಯಿರಿ. ನಿಮ್ಮ ವಿಂಡೋಸ್‌ಗೆ ಅವರದೇ ಡ್ರೈವರ್ ಇದೆಯಾ? ಕೊನೆಯದಾಗಿ ಯಾವಾಗ ಹೊಸದು ಬಂದಿದೆ? ಅಂಗಡಿಯವರು ಏನೇ ಹೇಳಲಿ, ಡ್ರೈವರ್ ನೋಡದೆ ದುಡ್ಡು ಕೊಡಬೇಡಿ. ಮ್ಯಾಕ್ ಇದ್ದವರಿಗೆ ಸದ್ದು ದಾಟಿಸುವ ಕೋರ್ ಆಡಿಯೋ ಅನ್ನುವ ವ್ಯವಸ್ಥೆ ಅದರಲ್ಲೇ ಇರುತ್ತದೆ, ಈ ತಲೆನೋವು ಕಡಿಮೆ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಕಂಡೆನ್ಸರ್ ಮೈಕ್‌ಗೆ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಕಾರ್ಡಿನಿಂದ ಮೈಕಿನ ಕೇಬಲ್‌ನಲ್ಲೇ ಹೋಗುವ ವಿದ್ಯುತ್, ಬೇಕು. ಗಿಟಾರ್‌ಗೆ ಇನ್‌ಸ್ಟ್ರುಮೆಂಟ್ ಇನ್‌ಪುಟ್ ಇರಲಿ. ಹಾಡುವವರು ಡೈರೆಕ್ಟ್ ಮಾನಿಟರ್ ಗುಂಡಿ ಕಾರ್ಡಿನ ಮೇಲೇ ಇರುವುದನ್ನು ತಗೊಳ್ಳಿ, ದನಿ ಕಂಪ್ಯೂಟರ್ ಸುತ್ತದೆ ನೇರ ಕಿವಿಗೆ ಬರುತ್ತದೆ. ಆ ಹುಡುಗನ ಕಾರ್ಡಿನಲ್ಲಿ ಅದಕ್ಕೂ ಡ್ರೈವರ್ ಜೊತೆ ಬರುವ ಸಾಫ್ಟ್‌ವೇರೇ ಬೇಕಿತ್ತು.

ನಮಸ್ಕಾರ.