ಕುರ್ಚಿಯೂ ಹಾಜರಿಯೂ

ಕೇಳುಗರಿಗೆ ನಮಸ್ಕಾರ.

ಮುಂಬೈಯಲ್ಲಿ ನಾನು ಕಂಪನಿ ಸೆಕ್ರೆಟರಿ. ನಿರ್ದೇಶಕ ಮಂಡಳಿಯ ಸಭೆಗೆ ಯಾರು ಬಂದರು, ಏನು ತೀರ್ಮಾನವಾಯಿತು ಎಂದು ನಡಾವಳಿ ಬರೆದಿಡುವುದು ನನ್ನ ಕೆಲಸ. ಎಷ್ಟೋ ವರ್ಷ ಆ ಕೋಣೆಯಲ್ಲಿದ್ದ ಹೆಂಗಸು ನಾನೊಬ್ಬಳೇ. ಅದೂ ಬರೆಯಲು, ಮತ ಹಾಕಲು ಅಲ್ಲ.

2013ರ ಕಂಪನಿ ಕಾಯ್ದೆಯ 149ನೇ ಕಲಂ ಬಂದಿತು. ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿ ಕಂಪನಿಯ ಮಂಡಳಿಯಲ್ಲೂ ಕನಿಷ್ಠ ಒಬ್ಬ ಮಹಿಳೆ ಇರಬೇಕು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಮೊದಲು 2014ರ ಅಕ್ಟೋಬರ್ 1ರ ಗಡುವು ಕೊಟ್ಟು, ಆಮೇಲೆ 2015ರ ಏಪ್ರಿಲ್ 1ಕ್ಕೆ ಮುಂದೂಡಿತು. ಹೆಣ್ಣು ಹುಡುಕುವುದು ಎಂದರೆ ನಮ್ಮ ಕಡೆ ಬೇರೆಯೇ ಅರ್ಥ. ಆದರೆ ಆ ಮಾರ್ಚಿನಲ್ಲಿ ಹಲವು ಕಂಪನಿಗಳಲ್ಲಿ ಕಂಡದ್ದು ಥೇಟ್ ಮುಹೂರ್ತ ಹತ್ತಿರವಾದ ಮನೆಯ ಗಡಿಬಿಡಿಯೇ. ಸೋದರಮಾವನ ಮಗಳಿರುವಾಗ ಹೊರಗೇಕೆ ನೋಡಬೇಕು ಎನ್ನುವ ಹಾಗೆ ಮಾಲೀಕರ ಹೆಂಡತಿ, ಮಗಳು, ನಾದಿನಿಯರು ಮಂಡಳಿಗೆ ಬಂದರು. ತಪ್ಪಿದವರಿಗೆ ಆಗ ಐವತ್ತು ಸಾವಿರ ರೂಪಾಯಿಯಿಂದ ದಂಡ ಶುರುವಾಗುತ್ತಿತ್ತು. ದೊಡ್ಡ ಕಂಪನಿಗೆ ಅದು ಒಂದು ಊಟದ ಖರ್ಚು.

ಹಾಗೆಂದು ಮನೆಯಿಂದ ಬಂದವರನ್ನೆಲ್ಲ ಆಡಿಕೊಳ್ಳಲಾರೆ. ನಾನು ಕಂಡ ಒಬ್ಬರು ಮೂರು ಸಭೆ ಸುಮ್ಮನೆ ಕುಳಿತು, ನಾಲ್ಕನೆಯದರಲ್ಲಿ, "ನಮ್ಮದೇ ಇನ್ನೊಂದು ಕಂಪನಿಗೆ ಈ ಸಾಲ ಏಕೆ?" ಎಂದರು. ಆ ಕಡತ ಅಂದು ಮೇಜಿನಿಂದ ಹಿಂದಕ್ಕೆ ಹೋಯಿತು. ಅಷ್ಟು ಖುಷಿಯಿಂದ ನಾನು ಎಂದೂ ನಡಾವಳಿ ಬರೆದಿರಲಿಲ್ಲ.

ಮುಂದೆ ಸೆಬಿ "ಸ್ವತಂತ್ರ" ಎಂಬ ಮಾತು ಸೇರಿಸಿತು. ಷೇರುಪೇಟೆಯ ಮೌಲ್ಯದಲ್ಲಿ ಮೊದಲ 500 ಕಂಪನಿಗಳಿಗೆ 2019ರ ಏಪ್ರಿಲ್‌ನಿಂದ, 1000ಕ್ಕೆ 2020ರಿಂದ. ಅಂದರೆ ಒಬ್ಬ ಮಹಿಳೆಯಾದರೂ ಮಾಲೀಕರ ನಂಟರಲ್ಲದವರಾಗಿರಬೇಕು.

ಒಂದು ಕಿಂಡಿ ಮಾತ್ರ ಉಳಿದಿದೆ. ಈ ಕಂಪನಿಗಳ ಮಂಡಳಿ ಸಭೆಗೆ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಮಂಡಳಿಯ ಮೂರನೇ ಒಂದು ಭಾಗ ಅಥವಾ ಮೂವರು, ಯಾವುದು ಹೆಚ್ಚೋ ಅದು. ಅವರಲ್ಲೊಬ್ಬರು ಸ್ವತಂತ್ರ ನಿರ್ದೇಶಕರಾಗಿರಬೇಕು. ಅವರು ಮಹಿಳೆಯೇ ಆಗಿರಬೇಕೆಂದಿಲ್ಲ. ಪಟ್ಟಿಯಲ್ಲಿ ಆಕೆಯ ಹೆಸರು ಕಡ್ಡಾಯ, ಸಭೆ ನಡೆಯಲು ಆಕೆ ಬೇಕಾಗಿಲ್ಲ.

ಮೊನ್ನೆ ಮಾಟುಂಗಾದಲ್ಲಿ ಪರಿಚಯದ ಹಿರಿಯರೊಬ್ಬರು ತಮ್ಮ ಷೇರಿನ ವಾರ್ಷಿಕ ವರದಿ ತಂದಿದ್ದರು. ಅದರಲ್ಲಿ ಎರಡು ಜಾಗ ತೋರಿಸಿದೆ: ನಿರ್ದೇಶಕರ ನಡುವಿನ ನಂಟು, ಸಭೆಯ ಹಾಜರಿ. ಕನ್ನಡಕ ಸರಿಮಾಡಿಕೊಂಡು ಸಾಲಿನ ಮೇಲೆ ಬೆರಳಿಟ್ಟರು. ಆ ಕಂಪನಿಯ ಮಹಿಳಾ ನಿರ್ದೇಶಕರು ಐದು ಸಭೆಗಳಲ್ಲಿ ಎರಡಕ್ಕೆ ಬಂದಿದ್ದರು.

"ಇಷ್ಟು ವರ್ಷ ಲಾಭಾಂಶದ ಪುಟವೊಂದನ್ನೇ ನೋಡಿದೆನಲ್ಲ, ತಾಯಿ" ಎಂದರು. ಷೇರುದಾರರ ಮಹಾಸಭೆ ಆಗಸ್ಟಿನಲ್ಲಿದೆ. ಅಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಆ ಪುಟದ ಅಂಚಿನಲ್ಲೇ ಪೆನ್ಸಿಲಿನಿಂದ ಬರೆದುಕೊಂಡರು.

ನಮಸ್ಕಾರ.