ಲಾಡ್ಜ್ ರೂಮಿನಲ್ಲಿ ದೆವ್ವ ಇಲ್ಲ

ಕೇಳುಗರಿಗೆಲ್ಲ ನಮಸ್ಕಾರ. ರಾತ್ರಿಯ ಸ್ಲೀಪರ್ ಬಸ್ಸಿಗೆ ಕಾಯುತ್ತಾ ಇದನ್ನು ಕೇಳುತ್ತಿರುವವರು ಸ್ವಲ್ಪ ಜಾಸ್ತಿ ಗಮನ ಕೊಡಿ. ಪರಊರಿನಲ್ಲಿ ಮಲಗಿರುತ್ತೀರಿ, ನಸುಕಿನಲ್ಲಿ ಎಚ್ಚರ ಆಗುತ್ತದೆ, ಮೇಲೆ ತಿರುಗುವ ಫ್ಯಾನ್ ಕಾಣುತ್ತದೆ, ಆದರೆ ಕೈ ಎತ್ತಲು ಆಗುವುದಿಲ್ಲ, ಕೂಗೋಣ ಅಂದರೆ ದನಿ ಬರುವುದಿಲ್ಲ, ಎದೆ ಮೇಲೆ ಯಾರೋ ಕೂತ ಹಾಗೆ. ಇದು ಸ್ಲೀಪ್ ಪೆರಾಲಿಸಿಸ್. ಲಕ್ವ ಅಲ್ಲ, ದೆವ್ವ ಅಂತೂ ಅಲ್ಲವೇ ಅಲ್ಲ. ಇದರಲ್ಲಿ ಉಸಿರು ನಿಲ್ಲುವುದಿಲ್ಲ. ಇದೊಂದು ಮಾತು ನೆನಪಿಟ್ಟುಕೊಳ್ಳಿ ಸಾಕು.

ದಾವಣಗೆರೆ ಕಡೆಯ ಒಬ್ಬ ಬಟ್ಟೆ ವ್ಯಾಪಾರಿ ನನ್ನ ಹತ್ತಿರ ಬಂದಿದ್ದರು. ಸೀರೆ ಮಾಲು ತರಲು ಸೂರತ್‌ಗೆ ಹೋಗುವವರು. ದಾರಿಯುದ್ದಕ್ಕೂ ರೈಲಿನಲ್ಲಿ ನಿದ್ದೆ ಇಲ್ಲ, ಹಗಲೆಲ್ಲ ಮಾರ್ಕೆಟ್ ಸುತ್ತಾಟ, ರಾತ್ರಿ ಲಾಡ್ಜಿಗೆ ಬಂದು ಅಂಗಾತ ಬಿದ್ದುಕೊಂಡಿದ್ದಾರೆ. ಬೆಳಗಿನ ಜಾವ ಎಚ್ಚರ ಆದರೆ ಬಾಗಿಲ ಹತ್ತಿರ ಒಬ್ಬಳು ನಿಂತಿದ್ದಳಂತೆ. ಮೈ ಅಲ್ಲಾಡುತ್ತಿಲ್ಲ. ಅವಳು ಬಂದು ಎದೆ ಮೇಲೆ ಕೂತಳಂತೆ. ಮಾರನೇ ದಿನ ರೂಮ್ ಬದಲಿಸಿದರು, ಅಲ್ಲೂ ಅದೇ. ಮನೆಗೆ ಬಂದು ತಾಯತ ಕಟ್ಟಿಸಿಕೊಂಡರು, ಹೊರಗಡೆ ಮಲಗುವುದನ್ನೇ ಬಿಟ್ಟರು, ಮಾಲು ತರುವ ಕೆಲಸ ಭಾಮೈದನ ಪಾಲಾಯಿತು. "ಡಾಕ್ಟ್ರೇ, ಆ ಲಾಡ್ಜೇ ಸರಿ ಇಲ್ಲ" ಅಂದರು. ನಾನು ಕೇಳಿದೆ: "ಅದು ಬಿಡಿ ಯಜಮಾನ್ರೇ, ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ರಿ?" ಮಲಗಿರಲೇ ಇಲ್ಲ! ಆ ಲಾಡ್ಜಿನ ತಪ್ಪೇನು ಹೇಳಿ. ದೆವ್ವ ರೂಮಿನಲ್ಲಿದ್ದರೆ ರೂಮ್ ಬದಲಿಸಿದಾಗ ಹೋಗಬೇಕಿತ್ತು, ಅಲ್ವಾ? ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲೂ ಜನ ಮುದುಕಿಯೊಬ್ಬಳು ಎದೆ ಮೇಲೆ ಕೂರುತ್ತಾಳೆ ಅಂತಲೇ ಹೇಳುತ್ತಾರೆ. ಜಪಾನಿನವರು ಇದನ್ನು ಕನಶಿಬಾರಿ ಅಂತಾರೆ.

ಆಗುವುದು ಇಷ್ಟೇ. ಕನಸು ಬೀಳುವ ಹೊತ್ತಿನಲ್ಲಿ ಮೆದುಳು ಕೈಕಾಲಿನ ಸ್ನಾಯುಗಳನ್ನು ಸಡಿಲ ಬಿಡುತ್ತದೆ, ಇಲ್ಲದಿದ್ದರೆ ಕನಸಿನಲ್ಲಿ ಓಡುವವನು ಮಂಚದಿಂದ ಎದ್ದು ಓಡಿಯಾನು. ಆ ಸಡಿಲ ಬಿಗಿಯಾಗುವ ಮೊದಲೇ ನಿಮಗೆ ಎಚ್ಚರ ಆಗಿಬಿಡುತ್ತದೆ, ಕನಸಿನ ಚೂರು ಇನ್ನೂ ಕಣ್ಣ ಮುಂದೆ ಓಡುತ್ತಿರುತ್ತದೆ. ಪಕ್ಕೆಲುಬಿನ ಸ್ನಾಯುಗಳೂ ಸಡಿಲವಾಗಿರುವುದರಿಂದ ದೀರ್ಘ ಉಸಿರು ಎಳೆಯಲು ಹೋದರೆ ಬರುವುದಿಲ್ಲ, ಎದೆ ಭಾರ ಅನ್ನಿಸುತ್ತದೆ. ಆದರೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಾಟದ ಸ್ನಾಯು, ಕೆಲಸ ಮಾಡುತ್ತಲೇ ಇರುತ್ತದೆ. ಮತ್ತೆ ಹೇಳುತ್ತೇನೆ, ಉಸಿರು ನಿಲ್ಲುವುದಿಲ್ಲ. ಕೆಲವು ಸೆಕೆಂಡು, ಹೆಚ್ಚೆಂದರೆ ಒಂದೆರಡು ನಿಮಿಷ, ತಾನೇ ಬಿಡುತ್ತದೆ. ನೂರರಲ್ಲಿ ಸುಮಾರು 8 ಜನಕ್ಕೆ ಜೀವನದಲ್ಲಿ ಒಮ್ಮೆಯಾದರೂ ಆಗುತ್ತದೆ. ಪ್ರಯಾಣದಲ್ಲಿ ಯಾಕೆ ಜಾಸ್ತಿ? ನಿದ್ದೆ ಕೆಟ್ಟಿರುತ್ತದೆ. ಕೆಟ್ಟ ನಿದ್ದೆಯ ಮರುದಿನ ಕನಸಿನ ನಿದ್ದೆ ಒತ್ತರಿಸಿಕೊಂಡು ಬರುತ್ತದೆ. ವಿದೇಶದಿಂದ ಬಂದವರಿಗಂತೂ ಹಗಲು ರಾತ್ರಿಯೇ ಅದಲುಬದಲು.

ಸಮಯ ಆಗುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಅಂಗಾತ ಮಲಗಬೇಡಿ, ಮಗ್ಗುಲಾಗಿ ಮಲಗಿ. ಊರು ತಲುಪಿದ ರಾತ್ರಿ ಕುಡಿಯುವುದು ಬೇಡ. ಆಗಿಬಿಟ್ಟರೆ ಗುದ್ದಾಡಬೇಡಿ, ಒಂದು ಬೆರಳನ್ನು ಮಾತ್ರ ಅಲ್ಲಾಡಿಸಲು ನೋಡಿ. ಪಕ್ಕದಲ್ಲಿ ಮಲಗುವವರಿಗೆ ಮೊದಲೇ ಹೇಳಿಟ್ಟಿರಿ, ಅವರು ಮುಟ್ಟಿ ಕರೆದರೆ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಮನೆಯಲ್ಲೂ ಪದೇಪದೇ ಆಗುತ್ತಿದ್ದರೆ, ಜೊತೆಗೆ ಹಗಲಲ್ಲಿ ತಡೆಯಲಾರದ ನಿದ್ದೆ, ಜೋರಾಗಿ ನಕ್ಕಾಗ ಮಂಡಿ ಕುಸಿಯುವುದು ಇದ್ದರೆ, ತಾಯತ ಕಟ್ಟಿಸಿಕೊಂಡು ಸುಮ್ನೆ ಕೂರಬೇಡಿ, ನರರೋಗ ತಜ್ಞರಿಗೆ ತೋರಿಸಿ. ನಮಸ್ಕಾರ.